ಪಗಾರಕ್ಕೂ 'ಪೇ'ಗೂ ಏನು ನಂಟು?

ತಿಂಗಳ ಮೊದಲ ವಾರ ಮೈಸೂರಿನಲ್ಲಿ ಗೆಳೆಯರು ಸಿಕ್ಕರೆ "ಸಂಬಳ ಆಯ್ತಾ?" ಎಂದು ಕೇಳುತ್ತಾರೆ. ಹುಬ್ಬಳ್ಳಿಯಲ್ಲಿ ಅದೇ ಮಾತು "ಪಗಾರ ಆತೇನ್ರಿ?" ಆಗುತ್ತದೆ. ಪಗಾರ ನಮ್ಮದೇ ಪದ ಅನ್ನಿಸುವಷ್ಟು ಒಗ್ಗಿಹೋಗಿದೆ. ಆದರೆ ಅದು ಹಡಗಿನಲ್ಲಿ ಬಂದದ್ದು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು. ಅವರ ಮಾತಿನಲ್ಲಿ 'ಪಗಾರ್' ಎಂದರೆ ಹಣ ಕೊಡು, ಬಾಕಿ ತೀರಿಸು. ಚಾವಿ, ಬಟಾಟೆ, ಪಾದ್ರಿ ಬಂದ ದಾರಿಯಲ್ಲೇ ಈ ಪದವೂ ಘಟ್ಟ ಹತ್ತಿತು.

ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ ಸಿಗುತ್ತದೆ. ಅಲ್ಲಿ 'ಪಾಕ್ಸ್' ಎಂದರೆ ಶಾಂತಿ, 'ಪಾಕಾರೆ' ಎಂದರೆ ಸಮಾಧಾನ ಮಾಡು. ಬಾಕಿ ಬರಬೇಕಾದವನು ಬಾಗಿಲಲ್ಲಿ ನಿಂತು ಕೂಗಾಡುತ್ತಾನೆ. ದುಡ್ಡು ಕೈಗೆ ಬಂದರೆ ಸುಮ್ಮನಾಗುತ್ತಾನೆ. ಹೀಗೆ ಸಮಾಧಾನ ಮಾಡುವುದು ನಿಧಾನವಾಗಿ ಹಣ ಕೊಡುವುದಾಯಿತು. ಈ ಪದ ಪೋರ್ಚುಗೀಸರ ಜೊತೆ ನಮ್ಮ ಕಡೆ ಬಂದು ಪಗಾರ ಆಯಿತು. ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿಗೆ ಹೋಗಿ 'ಪೇ' ಆಯಿತು. ಧಾರವಾಡದ ಪಗಾರ ಮತ್ತು ಕಚೇರಿಯ ಪೇ ಸ್ಲಿಪ್ಪಿನ ಪೇ ಒಂದೇ ತಾಯಿಯ ಮಕ್ಕಳು! ಇದು ಗೊತ್ತಾದ ದಿನ ನಾನು ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ.

ಪೇ, ಸ್ಯಾಲರಿ, ವೇಜಸ್, ಇನ್‌ಕಮ್, ಫೀ, ಸ್ಟೈಪೆಂಡ್, ಆನರೇರಿಯಂ. ದುಡಿದವರ ಕೈಗೆ ಬರುವ ದುಡ್ಡಿಗೆ ಇಂಗ್ಲಿಷಿನಲ್ಲಿ ಇಷ್ಟೊಂದು ಹೆಸರು ಯಾಕೆ? ಎಷ್ಟು ಬಂತು ಎಂದು ಅಂಕಿ ಹೇಳುತ್ತದೆ. ಯಾರು ಯಾವ ಮಾತಿನ ಮೇಲೆ ಕೊಟ್ಟರು ಎಂದು ಹೇಳುವುದು ಹೆಸರು. ಇದರಲ್ಲಿ 'ಪೇ' ದೊಡ್ಡ ಕೊಡೆ. ಉಳಿದ ಎಷ್ಟೋ ಪದಗಳು ಅದರ ಕೆಳಗೆ ನಿಲ್ಲುತ್ತವೆ.

ಸ್ಯಾಲರಿಯ ಕಥೆ ನೀವು ಕೇಳಿರುತ್ತೀರಿ. ರೋಮಿನ ಸೈನಿಕರಿಗೆ ಸಂಬಳವಾಗಿ ಉಪ್ಪು ಕೊಡುತ್ತಿದ್ದರಂತೆ. "ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ" ಎಂಬ ಗಾದೆಯ ಊರಿನವರಾದ ನಾವು ಇದನ್ನು ಥಟ್ಟನೆ ನಂಬುತ್ತೇವೆ. ಅರ್ಧ ಮಾತು ನಿಜ. ಲ್ಯಾಟಿನ್ನಿನ 'ಸಲಾರಿಯುಂ' ಹುಟ್ಟಿದ್ದು ಉಪ್ಪು ಎಂಬ ಅರ್ಥದ 'ಸಾಲ್'ನಿಂದಲೇ. ಆ ಪದಕ್ಕೂ ಉಪ್ಪಿಗೂ ನಂಟಿದೆ ಎಂದು ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಆದರೆ ಸೈನಿಕರ ಕೈಗೆ ಉಪ್ಪಿನ ಮೂಟೆ ಕೊಟ್ಟರು ಎನ್ನಲು ಆ ಕಾಲದ ಪುರಾವೆ ಇಲ್ಲ. ಅವರಿಗೆ ಸಿಗುತ್ತಿದ್ದದ್ದು ನಾಣ್ಯ. ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಒಬ್ಬ ಸಾಮಾನ್ಯ ಕಾಲಾಳಿಗೆ ವರ್ಷಕ್ಕೆ 225 ಡಿನಾರಿಯಸ್. ಅದೂ ಪೂರ್ತಿ ಕೈಗೆ ಬರುತ್ತಿರಲಿಲ್ಲ. ಊಟ, ಬಟ್ಟೆ, ಪಾದರಕ್ಷೆಯ ಲೆಕ್ಕ ಕಳೆದು ಕೊಡುತ್ತಿದ್ದರು. ಆ ಕಡಿತದ ಪಟ್ಟಿ ಬರೆದ ಪಪೈರಸ್ ಹಾಳೆ ಈಜಿಪ್ಟಿನಲ್ಲಿ ಸಿಕ್ಕಿದೆ. ಎರಡು ಸಾವಿರ ವರ್ಷದ ಹಿಂದಿನ ಪೇ ಸ್ಲಿಪ್ ಅದು, ಅಲ್ವಾ?

ಆ ಸೈನಿಕರ ಸಂಬಳಕ್ಕೆ ಇದ್ದ ಹೆಸರೂ ಬೇರೆ: 'ಸ್ಟಿಪೆಂಡಿಯುಂ'. ಅದರ ಕೊನೆಯ ಅರ್ಧದಲ್ಲಿ 'ತೂಗು' ಎಂಬ ಅರ್ಥ ಇದೆ. ಲೋಹವನ್ನು ತೂಗಿ ಕೊಡುತ್ತಿದ್ದ ಕಾಲದ ನೆನಪು ಅದು. ಪೆನ್ಷನ್ ಎಂಬ ಪದದ ಒಳಗೂ ಅದೇ ತಕ್ಕಡಿ ಇದೆ. ಇಂದು ಸ್ಟೈಪೆಂಡ್ ಎಂದರೆ ಕಲಿಯುತ್ತಾ ದುಡಿಯುವವರ ಜೀವನ ನಡೆಯಲಿ ಎಂದು ಕೊಡುವ ಹಣ. ಮೆಡಿಕಲ್ ಕಾಲೇಜಿನ ಹೌಸ್ ಸರ್ಜನ್ನರನ್ನು ಕೇಳಿ, ಹೇಳುತ್ತಾರೆ.

ನಮ್ಮ 'ಸಂಬಳ'ದ ಮೂಲ ಸಂಸ್ಕೃತದ 'ಶಂಬಲ' ಎನ್ನುತ್ತಾರೆ. ಶಂಬಲ ಎಂದರೆ ದಾರಿಬುತ್ತಿ. ಅಲ್ಲಿ ಉಪ್ಪು, ಇಲ್ಲಿ ಬುತ್ತಿ. ಎರಡೂ ಹೊಟ್ಟೆಯ ಮಾತೇ.

ವೇಜಸ್ ಎಂಬ ಪದ ನನಗೆ ಎಲ್ಲಕ್ಕಿಂತ ಇಷ್ಟ. ಅದರ ಹಳೆಯ ಅರ್ಥ ಒತ್ತೆ, ಮಾತು ಕೊಟ್ಟದ್ದಕ್ಕೆ ಗುರುತು. ಅದು ಬಂದದ್ದು ಉತ್ತರ ಫ್ರಾನ್ಸಿನಿಂದ. ಅಲ್ಲಿನವರು 'ವ' ಎಂದು ಹೇಳುವ ಕಡೆ ಪ್ಯಾರಿಸ್ಸಿನವರು 'ಗ' ಎನ್ನುತ್ತಿದ್ದರು. ಇಂಗ್ಲಿಷ್ ಎರಡು ಕಡೆಯಿಂದಲೂ ಪದ ತಂದುಕೊಂಡಿತು. ಅಂಗಡಿಯವರು ಹೇಳುವ ವಾರಂಟಿ ಮತ್ತು ಗ್ಯಾರಂಟಿ ಹೀಗೆ ಬಂದ ಜೋಡಿ. ಹಾಗೆಯೇ 'ವೇಜ್'ಗೆ 'ಗೇಜ್' ಎಂಬ ಜೋಡಿ ಇದೆ. ಮಾರ್ಟ್‌ಗೇಜ್‌ನಲ್ಲಿ ಇರುವ ಗೇಜ್ ಅದೇ. ಎಂಗೇಜ್‌ಮೆಂಟ್‌ನಲ್ಲೂ ಅದೇ. ವೆಡ್ಡಿಂಗ್ ಕೂಡ ಇದೇ ಬಳಗದ ಪದ. ಕೂಲಿ, ಅಡಮಾನ, ನಿಶ್ಚಿತಾರ್ಥ, ಮದುವೆ. ಎಲ್ಲ ಕಡೆಯೂ ಒಬ್ಬರು ಇನ್ನೊಬ್ಬರಿಗೆ ಮಾತು ಕೊಟ್ಟಿರುತ್ತಾರೆ.

ಇಂದು ವೇಜಸ್ ಎಂದರೆ ಗಂಟೆ, ದಿನ ಅಥವಾ ಮಾಡಿದ ಕೆಲಸದ ಲೆಕ್ಕಕ್ಕೆ ಸಿಗುವ ಹಣ. ಮಂಗಳೂರು ಕಡೆ ಬೀಡಿ ಕಟ್ಟುವವರಿಗೆ ಸಾವಿರ ಬೀಡಿಗೆ ಇಷ್ಟು ಎಂದು ಕೊಡುತ್ತಾರೆ. ಮಳೆ ಬಂದು ಕೆಲಸ ನಿಂತರೆ ದಿನಗೂಲಿಯವರಿಗೆ ಆ ದಿನ ದುಡ್ಡಿಲ್ಲ. ಸ್ಯಾಲರಿ ಹಾಗಲ್ಲ. ಫೆಬ್ರವರಿಯಲ್ಲಿ 28 ದಿನವಿದ್ದರೂ, ನಡುವೆ ನಾಲ್ಕು ಭಾನುವಾರ ಬಂದರೂ ಅದು ಅಷ್ಟೇ ಬರುತ್ತದೆ.

ಇನ್‌ಕಮ್ ಎಂದರೆ ಒಳಗೆ ಬಂದದ್ದು. ನಮ್ಮ 'ವರಮಾನ'ದಲ್ಲೂ ಬರುವ ಅರ್ಥವೇ ಇದೆ. ಬಾಡಿಗೆ, ಬಡ್ಡಿ ಎಲ್ಲ ಸೇರಿ ಇನ್‌ಕಮ್. ಅರ್ನಿಂಗ್ಸ್ ಎನ್ನಬೇಕಾದರೆ ಸಾಮಾನ್ಯವಾಗಿ ಬೆವರು ಹರಿದಿರಬೇಕು. ಯಾಕೆಂದರೆ ಆ ಪದ ಸುಗ್ಗಿಯ ನೆಂಟ. ಜರ್ಮನ್ನಿನಲ್ಲಿ ಸುಗ್ಗಿಗೆ 'ಎರ್ನ್‌ಟೆ' ಎನ್ನುತ್ತಾರೆ.

ವಕೀಲರು, ಡಾಕ್ಟರು ತೆಗೆದುಕೊಳ್ಳುವ 'ಫೀ' ಹಟ್ಟಿಯಿಂದ ಬಂದದ್ದು. ಜರ್ಮನ್ನರು ಇವತ್ತಿಗೂ ದನಕರುಗಳಿಗೆ 'ಫೀ' ಎಂದೇ ಅನ್ನುತ್ತಾರೆ. ಸಂಸ್ಕೃತದ 'ಪ' ಇರುವ ಕಡೆ ಇಂಗ್ಲಿಷ್, ಜರ್ಮನ್ ಬಳಗದಲ್ಲಿ 'ಫ' ಬರುತ್ತದೆ ಎಂಬ ನಿಯಮವನ್ನು 1822ರಲ್ಲಿ ಜರ್ಮನ್ ಭಾಷಾತಜ್ಞ ಯಾಕೋಬ್ ಗ್ರಿಮ್ ವಿವರಿಸಿದ. ಪಿತೃ ಇದ್ದದ್ದು ಫಾದರ್, ಪಾದ ಇದ್ದದ್ದು ಫೂಟ್. ಆ ಲೆಕ್ಕದಲ್ಲಿ ಫೀ ಯಾವುದರ ಜೋಡಿ? ಪಶು! ದನವೇ ಧನವಾಗಿದ್ದ ಕಾಲ ಅದು.

ಕಾನೂನಿನ ಪುಸ್ತಕಕ್ಕೆ ಬಂದರೆ ಈ ಗಡಿಗಳು ಅಲುಗಾಡುತ್ತವೆ. ನಮ್ಮ ಆದಾಯ ತೆರಿಗೆ ಕಾಯಿದೆ 'ಸ್ಯಾಲರಿ' ಎಂದರೆ ವೇಜಸ್, ಪೆನ್ಷನ್, ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು), ಫೀ ಎಲ್ಲವೂ ಸೇರಿದ್ದು ಎನ್ನುತ್ತದೆ. 2019ರ ವೇತನ ಸಂಹಿತೆ ಅದನ್ನು ತಿರುಗಿಸಿ, 'ವೇಜಸ್' ಎಂಬುದರೊಳಗೆ ಸ್ಯಾಲರಿಯನ್ನು ಇಡುತ್ತದೆ. ತೆರಿಗೆ ಕಾಯಿದೆಗೆ ಬೇಕಾದದ್ದು ನಿಮ್ಮಿಂದ ಎಷ್ಟು ತೆಗೆದುಕೊಳ್ಳಬಹುದು ಎಂಬ ಲೆಕ್ಕ. ವೇತನ ಸಂಹಿತೆಗೆ ಬೇಕಾದದ್ದು ನಿಮಗೆ ಎಷ್ಟು ಕೊಡಲೇಬೇಕು ಎಂಬ ಲೆಕ್ಕ.

ಹೆಸರು ಬದಲಾದರೆ ಏನಾಗುತ್ತದೆ ಎಂದು ತಿಳಿಯಲು ಅಂಗನವಾಡಿಗೆ ಹೋಗಬೇಕು. 1975ರಲ್ಲಿ ಶುರುವಾದ ಈ ಯೋಜನೆಯ ಕಾರ್ಯಕರ್ತೆಯರಿಗೆ ಸಿಗುವುದು ಆನರೇರಿಯಂ, ಅಂದರೆ ಗೌರವಧನ. ಕೇಳಲು ಚೆನ್ನಾಗಿದೆ. ಆದರೆ ಗೌರವಕ್ಕೆ ಕೊಟ್ಟದ್ದನ್ನು ಹಕ್ಕು ಎಂದು ಕೇಳುವುದು ಕಷ್ಟ. ಮಕ್ಕಳಿಗೆ ಊಟ, ಪಾಠ, ತೂಕದ ದಾಖಲೆ, ಬಸುರಿಯರ ಆರೈಕೆ, ಜೊತೆಗೆ ಸರಕಾರದ ಸಮೀಕ್ಷೆಗಳು. ಇಷ್ಟೆಲ್ಲ ಮಾಡುವವರನ್ನು 'ಗೌರವ ಕಾರ್ಯಕರ್ತೆ' ಎಂದು ಕರೆದದ್ದರಿಂದಲೇ ಕನಿಷ್ಠ ಕೂಲಿಯ ಮಾತು ಅವರಿಗೆ ಅನ್ವಯಿಸುವುದಿಲ್ಲ ಎನ್ನಲು ದಾರಿಯಾಯಿತು. ಇದು ತಪ್ಪು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಗುಜರಾತಿನ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಗ್ರಾಚ್ಯುಟಿಗಾಗಿ ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2022ರ ಏಪ್ರಿಲ್‌ನಲ್ಲಿ ತೀರ್ಪು ಬಂತು. 1972ರ ಗ್ರಾಚ್ಯುಟಿ ಕಾಯಿದೆಯ ಮಟ್ಟಿಗೆ ಅವರ ಗೌರವಧನವೂ ವೇಜಸ್ಸೇ, ಹಾಗಾಗಿ ಗ್ರಾಚ್ಯುಟಿ ಅವರ ಹಕ್ಕು ಎಂದಿತು ನ್ಯಾಯಾಲಯ. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಮ್ಮ ಅಂಗನವಾಡಿ ಹೆಣ್ಣುಮಕ್ಕಳು ಧರಣಿ ಕೂತಾಗ ಹಣ ಜಾಸ್ತಿ ಮಾಡಿ ಎಂದಷ್ಟೇ ಕೇಳುವುದಿಲ್ಲ. ನಮ್ಮನ್ನು ನೌಕರರೆಂದು ಕರೆಯಿರಿ ಎಂದೂ ಕೇಳುತ್ತಾರೆ.