ನದಿ ದೂರ ಸರಿದಿದ್ದಕ್ಕೆ ಉಳಿದ ಸೇತುವೆ

ಹಳೇ ಕಲ್ಲಿನ ಸೇತುವೆ ನೋಡಲು ಹೋದರೆ ನಾನು ಮೊದಲು ಕೆಳಗಿಳಿದು ಕಂಬಗಳ ಬುಡ ನೋಡುತ್ತೇನೆ. ಸೇತುವೆಗಳು ಸಾಮಾನ್ಯವಾಗಿ ಸೋಲುವುದು ಅಲ್ಲಿಯೇ. ಇಂಗ್ಲೆಂಡಿನ ಎಕ್ಸೆಟರ್ ನಗರದ ಹಳೇ ಸೇತುವೆಯ ಬುಡದಲ್ಲಿ ನದಿಯೇ ಇಲ್ಲ. ಹುಲ್ಲಿನ ಮೇಲೆ ಎಂಟೂವರೆ ಕಮಾನುಗಳು ಸುಮ್ನೆ ನಿಂತಿವೆ. ಸುತ್ತ ವಾಹನಗಳ ಓಡಾಟ. ಎಕ್ಸ್ ನದಿ ಸ್ವಲ್ಪ ಆಚೆ ಹರಿಯುತ್ತದೆ.

ಇದನ್ನು ಕಟ್ಟಿದ್ದು 1200ರ ಆಸುಪಾಸಿನಲ್ಲಿ. ಆಗ ಇಲ್ಲಿ ನದಿ ಅಗಲ ಜಾಸ್ತಿ, ಆಳ ಕಮ್ಮಿ, ದಡವೆಲ್ಲ ಜೌಗು. ನಿಕೋಲಸ್ ಗರ್ವೇಸ್ ಮತ್ತು ವಾಲ್ಟರ್ ಗರ್ವೇಸ್ ಎಂಬ ತಂದೆ ಮಗ ಮುಂದೆ ನಿಂತು ಮಾಡಿಸಿದ ಕೆಲಸ. ಉದ್ದ ಸುಮಾರು 180 ಮೀಟರ್. ಕಮಾನುಗಳು 17 ಅಥವಾ 18. ಸೇತುವೆಯ ಮೇಲೆ ಸೇಂಟ್ ಎಡ್ಮಂಡ್ ಚರ್ಚ್ ಕೂಡ ಇತ್ತು.

ಕಮಾನಿನ ಕೆಳಗೆ ಹೋಗಿ ತಲೆ ಎತ್ತಿದರೆ ಕಲ್ಲಿನ ಪಟ್ಟಿಗಳು ಪಕ್ಕೆಲುಬಿನ ಹಾಗೆ ಬಾಗಿರುವುದು ಕಾಣುತ್ತದೆ. ಅರ್ಧವೃತ್ತದ ಕಮಾನುಗಳಿಗೆ ಐದೈದು, ಮೇಲೆ ಚೂಪಾಗಿರುವವಕ್ಕೆ ಮೂರು ಮೂರು. ಒಂದೇ ಸೇತುವೆಯಲ್ಲಿ ಎರಡು ಬಗೆ! ಈ ಕಲ್ಲುಕೆಲಸ ಎಷ್ಟು ನೋಡಿದರೂ ನನಗೆ ಸಾಕಾಗುವುದಿಲ್ಲ.

ಕಷ್ಟ ಇದ್ದದ್ದು ಬುನಾದಿಯಲ್ಲಿ. ನದಿಯ ತಳಕ್ಕೆ ಮರದ ಗೂಟ ಬಡಿದು, ನಡುವೆ ಜಲ್ಲಿಕಲ್ಲು ತುಂಬಿ, ಅದರ ಮೇಲೆ ಕಂಬ ಎಬ್ಬಿಸಿದ್ದರು. ನೆರೆ ಬಂದಾಗ ಕಂಬದ ಸುತ್ತ ನೀರು ಸುಳಿ ತಿರುಗುತ್ತದೆ, ಜಲ್ಲಿಯನ್ನು ಕೆದಕಿ ಒಯ್ಯುತ್ತದೆ. ಕಂಬ ಕುಸಿದರೆ ಅದನ್ನು ನೆಚ್ಚಿಕೊಂಡ ಕಮಾನೂ ಬೀಳುತ್ತದೆ. 1286ರಲ್ಲಿ ಒಂದು ಭಾಗ ಬಿತ್ತು, 1384ರಲ್ಲಿ ಮತ್ತೆ ಬಿತ್ತು. 1539ರಲ್ಲಿ ನಡುವಿನ ಕಮಾನೊಂದನ್ನು ರಿಪೇರಿ ಮಾಡಲು, ಮುಚ್ಚಿಹೋಗಿದ್ದ ಸೇಂಟ್ ನಿಕೋಲಸ್ ಮಠದ ಕಲ್ಲುಗಳನ್ನು ತಂದರು. ಒಂದು ದಿನ ಎಕ್ಸ್ ನದಿ ಸೇಂಟ್ ನಿಕೋಲಸ್ ಅಡಿಯಲ್ಲಿ ಹರಿಯುತ್ತದೆ ಅಂತ ಊರಲ್ಲಿ ಹಳೇ ಮಾತಿತ್ತಂತೆ. ಹೀಗೆ ನಿಜವಾಯಿತು.

ಈ ನಡುವೆ ನಗರದ ಕಡೆಯ ಕಮಾನುಗಳ ಕೆಳಗೆ ಹೂಳು ತುಂಬುತ್ತಿತ್ತು. ಜನ ಅಲ್ಲಿ ಮಣ್ಣು ಹಾಕಿ ಜಾಗ ಮಾಡಿಕೊಂಡರು. ನದಿ ಕಿರಿದಾಯಿತು. 1778ರಲ್ಲಿ ಹೊಸ ಸೇತುವೆ ಆದಮೇಲೆ, ನೀರಿನಲ್ಲಿದ್ದ ಹಳೇ ಕಮಾನುಗಳನ್ನು ಕೆಡವಿದರು. ದಡದ ಮೇಲಿದ್ದವು ಮಾತ್ರ ಮಣ್ಣಿನಲ್ಲಿ, ಕಟ್ಟಡಗಳ ನಡುವೆ ಹೂತುಹೋದವು.

ಹೂತಿದ್ದೇ ಅವುಗಳನ್ನು ಕಾಪಾಡಿತು ಅನ್ನುವುದು ನನ್ನ ಅಭಿಪ್ರಾಯ. ಕಮಾನಿಗೆ ಎರಡೂ ಪಕ್ಕದಿಂದ ಮಣ್ಣಿನ ಒತ್ತು ಸಿಕ್ಕರೆ ಅದು ಬಾಯಿ ಬಿಡುವುದಿಲ್ಲ. ಬುಡಕ್ಕೆ ನೆರೆಯ ಕಾಟ ಇಲ್ಲ. ಚಳಿಗಾಲದಲ್ಲಿ ಕಲ್ಲಿನೊಳಗಿನ ನೀರು ಹೆಪ್ಪುಗಟ್ಟಿ ಸೀಳುವ ಭಯವೂ ಕಮ್ಮಿ. 1970ರ ದಶಕದಲ್ಲಿ ಅಗೆದು ತೆಗೆದಮೇಲೆ ಈ ಕಾಟಗಳಲ್ಲಿ ಕೆಲವು ಹೊಸದಾಗಿ ಶುರುವಾದವು. ಸಂದಿಯಲ್ಲಿ ಹುಟ್ಟುವ ಗಿಡಗಳ ಬೇರು, ಮಳೆಗೆ ಸವೆಯುವ ಗಾರೆ, ಇವನ್ನು ವರ್ಷ ವರ್ಷ ನೋಡಿಕೊಳ್ಳಲೇಬೇಕು.

ಇನ್ನೂ ಮೂರೂವರೆ ಕಮಾನು ಇಂದಿನ ನದಿದಡದ ಕಡೆ ನೆಲದಡಿಯಲ್ಲೇ ಇವೆ. ಅವನ್ನೂ ತೆಗೆದು ತೋರಿಸಬಾರದಾ ಅಂತ ಅನಿಸುವುದು ಸಹಜ ಅಲ್ವಾ? ಬೇಡ ಅನ್ನುತ್ತೇನೆ ನಾನು. ಅವುಗಳ ಬುಡದ ಗೂಟಗಳು ಒದ್ದೆ ಮಣ್ಣಿನಲ್ಲಿ ಗಾಳಿ ತಾಗದೆ ಇದ್ದರೆ ಇನ್ನೂ ಕೊಳೆತಿರುವುದಿಲ್ಲ. ಅಗೆದು ಒಣಗಲು ಬಿಟ್ಟರೆ ಆ ಮರ ಕುಗ್ಗಿ ಬಿರುಕು ಬಿಡುತ್ತದೆ.