ಏಳನೆಯ ದಿನದ ಭ್ರೂಣ ಮತ್ತು ಹಿಪ್ಪುನೇರಳೆಯ ಗುರುತು

ದಾನಿ ಹಸುವಿನ ಗರ್ಭಕೋಶ ತೊಳೆದು ಭ್ರೂಣ ಪಡೆಯುವ ಕೆಲಸದಲ್ಲಿ ಎಲ್ಲರೂ ಕೈಚಳಕದ ಮಾತಾಡುತ್ತಾರೆ. ನಾನು ಕಂಡಂತೆ ಸಂಶೋಧನೆಯ ಲೆಕ್ಕ ತಪ್ಪುವುದು ಕೊಟ್ಟಿಗೆಯಲ್ಲಿ ಕಡಿಮೆ, ಸೂಕ್ಷ್ಮದರ್ಶಕದ ಮುಂದೆ ಹೆಚ್ಚು.

ಬೆದೆಯ ದಿನವನ್ನು 0 ಎಂದಿಟ್ಟುಕೊಂಡು 7ನೆಯ ದಿನ ತೊಳೆಯುವುದಕ್ಕೆ ಕಾರಣವಿದೆ. ಭ್ರೂಣವು 4–5ನೆಯ ದಿನ ಅಂಡನಾಳದಿಂದ ಗರ್ಭಕೋಶಕ್ಕೆ ಇಳಿದಿರುತ್ತದೆ, ಆದರೆ ಜೋನಾ ಪೆಲ್ಯುಸಿಡಾ ಎಂಬ ಹೊರಕವಚವನ್ನು ಇನ್ನೂ ಒಡೆದಿರುವುದಿಲ್ಲ. ಬಾಲದ ಬುಡದಲ್ಲಿ ಮರಗಟ್ಟಿಸುವ ಲಿಡೊಕೇನ್ ಕೊಟ್ಟು, ಫೋಲಿ ಕ್ಯಾತಿಟರ್ ಎಂಬ ಬಲೂನುಳ್ಳ ಮೆತ್ತನೆ ಕೊಳವೆಯನ್ನು ಗರ್ಭಕಂಠದ ಮೂಲಕ ಗರ್ಭಕೋಶದ ಒಂದು ಕೊಂಬಿಗೆ, ಅಂದರೆ ಅದರ ಎರಡು ಕವಲುಗಳಲ್ಲಿ ಒಂದಕ್ಕೆ, ದಾಟಿಸಿ, ಅದರ ಬಲೂನನ್ನು ಉಬ್ಬಿಸಿದ ಮೇಲೆ ದ್ರಾವಣವನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು, ಗುದನಾಳದೊಳಗಿನ ಕೈಯಿಂದ ಕೊಂಬನ್ನು ಮೆಲ್ಲಗೆ ನೀವುತ್ತ ವಾಪಸು ಪಡೆಯುತ್ತೇವೆ. ಭ್ರೂಣದ ವ್ಯಾಸ ಸುಮಾರು 150 ಮೈಕ್ರಾನ್ ಆದ್ದರಿಂದ 75 ಮೈಕ್ರಾನ್ ಜಾಲರಿಯ ಫಿಲ್ಟರಿನಲ್ಲಿ ಅದು ಉಳಿಯುತ್ತದೆ.

ಇನ್ನು ಫಿಲ್ಟರಿನಲ್ಲಿ ಉಳಿದದ್ದನ್ನು ಸೂಕ್ಷ್ಮದರ್ಶಕದಡಿ ನೋಡುವ ತಟ್ಟೆ. ಫಲಿತವಾಗದ ಅಂಡವು ನುಣ್ಣನೆ ಅಂಚಿನ, ಒಂದೇ ಸಮನಾದ ಕಾಳುಕಾಳು ತುಂಬಿದ ಚೊಕ್ಕ ಗುಂಡು. ಅದರ ಅಂದಕ್ಕೆ ಮರುಳಾಗಿ ಕಲಿಯುವ ದಿನಗಳಲ್ಲಿ ನಾನೂ ಅದನ್ನು ಮೊರುಲಾ, ಅಂದರೆ ಜೀವಕೋಶಗಳು ಮುದ್ದೆಗಟ್ಟಿದ ಹಂತದ ಭ್ರೂಣ, ಎಂದು ಬರೆದದ್ದುಂಟು. ಮೊರುಲಾ ಎಂಬ ಹೆಸರು ಲ್ಯಾಟಿನ್ನಿನ ಹಿಪ್ಪುನೇರಳೆ ಹಣ್ಣಿನಿಂದ ಬಂದದ್ದು, ರೇಷ್ಮೆ ಬೆಳೆಯುವ ಊರಿನವರಿಗೆ ಅದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ: ಜೀವಕೋಶಗಳು ಒತ್ತಾಗಿ ಅಂಟಿಕೊಂಡಿದ್ದರೂ ಅಂಚು ಉಬ್ಬುತಗ್ಗಾಗಿಯೇ ಇರುತ್ತದೆ. ಹಾಗೆ ಒತ್ತಾದ ಮೊರುಲಾ ಕವಚದೊಳಗಿನ ಜಾಗದ 60–70 ಶೇಕಡಾ ಮಾತ್ರ ತುಂಬುತ್ತದೆ. ಸಂಶಯವಿದ್ದರೆ ವರ್ಧನೆಯನ್ನು 50ರಿಂದ 100 ಪಟ್ಟಿಗೆ ಏರಿಸಿ, ಪಿಪೆಟ್ಟಿನಿಂದ ದ್ರಾವಣ ಊದಿ ಭ್ರೂಣವನ್ನು ಉರುಳಿಸಿ ನೋಡಬೇಕು. ಹೊರಗೆ ಸಿಡಿದ ಜೀವಕೋಶಗಳು ಒಂದು ಮಗ್ಗುಲಿನಿಂದ ಕಾಣದೆ ಹೋಗುವುದು ಸಾಮಾನ್ಯ.

ಅಂತರರಾಷ್ಟ್ರೀಯ ಭ್ರೂಣ ತಂತ್ರಜ್ಞಾನ ಸಂಘದ ಪದ್ಧತಿಯಲ್ಲಿ ಬೆಳವಣಿಗೆಯ ಹಂತಕ್ಕೆ 1ರಿಂದ 9, ಗುಣಮಟ್ಟಕ್ಕೆ 1ರಿಂದ 4 ಅಂಕಗಳಿವೆ. ಗುಣಮಟ್ಟದಲ್ಲಿ ಕನಿಷ್ಠ 85 ಶೇಕಡಾ ಜೀವಕೋಶರಾಶಿ ಸುಸ್ಥಿತಿಯಲ್ಲಿದ್ದರೆ 1, 50 ಶೇಕಡಾ ಇದ್ದರೆ 2, 25 ಶೇಕಡಾ ಇದ್ದರೆ 3. ಸತ್ತದ್ದು ಅಥವಾ ನಶಿಸುತ್ತಿರುವುದು 4. ಆದರೆ ಈ ಅಂಕಗಳನ್ನು ದಿನದ ಜೊತೆಗಿಟ್ಟೇ ಓದಬೇಕು: 7ನೆಯ ದಿನವೂ ಎಂಟೇ ಕೋಶಗಳಲ್ಲಿ ನಿಂತಿರುವ ಭ್ರೂಣ ಎಷ್ಟು ಚೊಕ್ಕವಾಗಿ ಕಂಡರೂ ಅದರ ಬೆಳವಣಿಗೆ ನಿಂತುಹೋಗಿದೆ ಎಂದೇ ತಿಳಿಯಬೇಕು.

ದಾನಿ ಹಸು ಒಮ್ಮೆಗೇ ಹೆಚ್ಚು ಅಂಡ ಬಿಡಲೆಂದು ಕೊಡುವ ಎಫ್‌ಎಸ್‌ಎಚ್ ಹಾರ್ಮೋನಿನ ಪ್ರಮಾಣಗಳನ್ನು ಹೋಲಿಸುವ ಪ್ರಯೋಗವಾದರೆ ನಾನು ತಟ್ಟೆಯ ಮೇಲೆ ಸಂಖ್ಯೆ ಮಾತ್ರ ಬರೆಸುತ್ತೇನೆ. ಯಾವ ಹಸುವಿಗೆ ಎಷ್ಟು ಔಷಧ ಹೋಗಿದೆ ಎಂದು ಅಂಕ ಕೊಡುವವರಿಗೆ ತಿಳಿದಿದ್ದರೆ 2 ಮತ್ತು 3ರ ನಡುವಿನ ಗೆರೆ ಅವರಿಗೇ ಅರಿವಿಲ್ಲದೆ ಸರಿಯುತ್ತದೆ.