ಗೋಪುರ ಅಲುಗಿತು, ತಪ್ಪು ಬಂಡೆಯದು

ಇಂಗ್ಲೆಂಡಿನ ಪ್ಲಿಮತ್ ಬಂದರಿಗೆ ಹೋಗುವ ಹಡಗುದಾರಿಯಲ್ಲಿ ಎಡಿಸ್ಟೋನ್ ಎಂಬ ಬಂಡೆಸಾಲಿದೆ. ಭರತದ ಹೊತ್ತಿಗೆ ಅದು ಬಹುಪಾಲು ಮುಳುಗಿಬಿಡುತ್ತದೆ. ಕಣ್ಣಿಗೆ ಬೀಳದ ಬಂಡೆಗಿಂತ ದೊಡ್ಡ ಯಮ ಹಡಗಿಗೆ ಇನ್ನೊಂದಿಲ್ಲ.

ಅದರ ಮೇಲೆ ದೀಪಸ್ತಂಭ ಕಟ್ಟಿ 1698ರಲ್ಲಿ ಮೊದಲ ದೀಪ ಹಚ್ಚಿದವನು ಹೆನ್ರಿ ವಿನ್‌ಸ್ಟನ್ಲಿ. ಎಂಥ ಬಿರುಗಾಳಿ ಬಂದರೂ ಒಳಗೇ ಕೂತಿರಬಲ್ಲೆ ಎನ್ನುತ್ತಿದ್ದನಂತೆ. 1703ರ ನವೆಂಬರಿನಲ್ಲಿ ಬಿರುಗಾಳಿ ಬಂದಾಗ ಒಳಗೇ ಇದ್ದ. ಬೆಳಗಾಗುವಷ್ಟರಲ್ಲಿ ಗೋಪುರವೂ ಇಲ್ಲ, ಅವನೂ ಇಲ್ಲ. ಆಮೇಲೆ ಕಟ್ಟಿದ್ದರಲ್ಲಿ ಮರವೇ ಹೆಚ್ಚು, 1755ರಲ್ಲಿ ಸುಟ್ಟುಹೋಯಿತು.

ಮೂರನೆಯದು ಜಾನ್ ಸ್ಮೀಟನ್ ಪಾಲಿಗೆ ಬಂತು. ಮೂಲತಃ ವೈಜ್ಞಾನಿಕ ಉಪಕರಣ ತಯಾರಿಸುತ್ತಿದ್ದವನು. ಅವನ ಕಣ್ಣಮುಂದಿದ್ದದ್ದು ಓಕ್ ಮರದ ಬೊಡ್ಡೆ: ಬುಡ ಅಗಲ, ಮೇಲೆ ಹೋದಂತೆ ಸಪೂರ. ಭಾರವೆಲ್ಲ ಕೆಳಗಿದ್ದರೆ ಅಲೆ ಉರುಳಿಸುವುದು ಕಷ್ಟ. ತೆಂಗಿನ ಮರವಾದರೆ ಗಾಳಿಗೆ ಬಾಗಿ ಬದುಕಿಕೊಳ್ಳುತ್ತದೆ, ಕಲ್ಲಿಗೆ ಆ ಅನುಕೂಲವಿಲ್ಲ! ಹಾಗಾಗಿ ಒಂದು ಕಲ್ಲಿನ ಚಾಚು ಪಕ್ಕದ ಕಲ್ಲಿನ ಕಚ್ಚಿನಲ್ಲಿ ಸಿಕ್ಕಿಕೊಳ್ಳುವಂತೆ ಪ್ರತಿಯೊಂದನ್ನೂ ಕೆತ್ತಿಸಿದ. ಬುಡದ ವರಸೆಗಳನ್ನು ಬಂಡೆಗೇ ಕಚ್ಚು ಹೊಡೆದು ಕೂರಿಸಿದ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಅವನ ಗಾರೆ. ಮಾಮೂಲಿ ಸುಣ್ಣ ಗಟ್ಟಿಯಾಗಲು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಬೇಕು. ನೀರಿನೊಳಗೆ ಅದು ಮೆತ್ತಗೇ ಉಳಿದು ಕರಗಿಹೋಗುತ್ತದೆ. ಸ್ಮೀಟನ್ ಬೇರೆ ಬೇರೆ ಊರಿನ ಸುಣ್ಣ ತರಿಸಿ, ಕಲಸಿ, ಉಂಡೆ ಕಟ್ಟಿ ನೀರಿನಲ್ಲಿ ಬಿಟ್ಟು ನೋಡಿದ. ಕೆಲವು ಕರಗಿದವು, ಕೆಲವು ಕಲ್ಲಾದವು. ಸುಣ್ಣಕಲ್ಲನ್ನು ಆಮ್ಲದಲ್ಲಿ ಕರಗಿಸಿದಾಗ ಗುಟ್ಟು ತಳದಲ್ಲಿ ಸಿಕ್ಕಿತು: ನೀರಿನಲ್ಲಿ ಗಟ್ಟಿಯಾಗುವ ಜಾತಿಯಲ್ಲಿ ಜೇಡಿಮಣ್ಣು ಬೆರೆತಿತ್ತು. ಕಲ್ಮಶವೆಂದು ಮೂಗು ಮುರಿಯುತ್ತಿದ್ದ ಮಣ್ಣೇ ಕೆಲಸದ್ದು. ಸುಟ್ಟಾಗ ಅದರಲ್ಲಿನ ಸಿಲಿಕಾ ಸುಣ್ಣದ ಜೊತೆ ಕೂಡಿ, ಗಾಳಿಯ ಹಂಗಿಲ್ಲದೆ ನೀರಿನಿಂದಲೇ ಬಿಗಿಯುವ ವಸ್ತುವಾಗುತ್ತದೆ. ವೇಲ್ಸಿನ ಅಬರ್‌ಥಾ ಸುಣ್ಣಕ್ಕೆ ಇಟಲಿಯ ಜ್ವಾಲಾಮುಖಿ ಬೂದಿ ಸಮಸಮ ಬೆರೆಸಿ ಗಾರೆ ಮಾಡಿದ. ಇಂದಿನ ಸಿಮೆಂಟಿನ ವಂಶಾವಳಿ ಹುಡುಕಿದರೆ ಈ ಉಂಡೆಗಳು ಸಿಗುತ್ತವೆ.

1759ರ ಅಕ್ಟೋಬರಿನಲ್ಲಿ ದೀಪ ಹೊತ್ತಿತು: 24 ಮೇಣದಬತ್ತಿ, ಅಷ್ಟೇ. ಲಕ್ಷದೀಪೋತ್ಸವ ನೋಡಿದವರಿಗೆ ನಗು ಬರಬಹುದು.

ನೂರು ವರ್ಷ ದಾಟಿದ ಮೇಲೆ, ದೊಡ್ಡ ಅಲೆ ಬಡಿದಾಗ ಗೋಪುರ ನಡುಗತೊಡಗಿತು. ಪರೀಕ್ಷಿಸಿದರೆ ಕಲ್ಲು, ಗಾರೆ ಎರಡೂ ಸರಿ. ಕೆಳಗಿನ ಬಂಡೆಯನ್ನೇ ಸಮುದ್ರ ಕೊರೆದುಹಾಕಿತ್ತು. 1882ರಲ್ಲಿ ಪಕ್ಕದ ಬಂಡೆಯ ಮೇಲೆ ಜೇಮ್ಸ್ ಡಗ್ಲಸ್‌ನ ಹೊಸ ದೀಪಸ್ತಂಭ ಬೆಳಗಿತು. ಹಳೆಯದರ ಮೇಲ್ಭಾಗವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಪ್ಲಿಮತ್ ದಡದಲ್ಲಿ ಮತ್ತೆ ಕಟ್ಟಿದರು. ಬುಡ ಮಾತ್ರ ಆ ಕೊರೆದ ಬಂಡೆಯ ಮೇಲೆ, ಹೊಸ ಗೋಪುರದ ಪಕ್ಕದಲ್ಲಿ ಇವತ್ತಿಗೂ ನಿಂತಿದೆ.